ಗೆದ್ದವರ ಹೆಸರು, ಹೊತ್ತವರ ಕಲ್ಲು

ಠಾಕುಮಾಳನ್ನು ಕೋಟೆ ತೋರಿಸಲೆಂದೇ ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ ಎಂದರೆ ಸುಳ್ಳಾಗುತ್ತದೆ. ಅವಳ ಕಣ್ಣು ತೋರಿಸುವ ಕೆಲಸ ಬೇಗ ಮುಗಿದಿತ್ತು. ಸಿಂಧನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಹಾಕಿದರೆ ಕೋಟೆ. ನಾನು ಪಿಎಚ್.ಡಿ.ಗೆ ಓದುತ್ತಿರುವುದು ರಾಯಚೂರು ದೋಆಬಿನ ಕೋಟೆ–ಪೇಟೆಗಳ ಬಗ್ಗೆ. ಮೊಮ್ಮಗಳು ಇಷ್ಟು ವರ್ಷ ಏನು ಓದುತ್ತಿದ್ದಾಳೆಂದು ಅವಳಿಗೂ ಒಮ್ಮೆ ಕಾಣಲಿ ಅನ್ನಿಸಿತು.

ಒಳಗೋಡೆಯ ಪಶ್ಚಿಮದ ಕಡೆ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಪರವಾಗಿ ವಿಠ್ಠಲನಾಥ ಈ ಕೋಟೆ ಕಟ್ಟಿಸಿದ ಎಂಬುದು ಅದರ ಸಾರ. ನಾನು ಪಾಠ ಒಪ್ಪಿಸುವವಳಂತೆ ಎಲ್ಲ ಹೇಳಿದೆ. ಅಲ್ಲೇ ಗೋಡೆಯ ಮೇಲೆ ಕೊರೆದ ಇನ್ನೊಂದು ಚಿತ್ರವಿದೆ. ಅಂಥದ್ದೇ ಉದ್ದನೆಯ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಮುಂದೆ ದನಗಳ ಸಾಲು, ಅವನ್ನು ಹೊಡೆಯುವ ಜನ. ಠಾಕುಮಾ ಶಾಸನದ ಕಡೆ ನೋಡಲೇ ಇಲ್ಲ. ಬಂಡಿಯ ಚಿತ್ರದ ಮುಂದೆಯೇ ನಿಂತುಬಿಟ್ಟಳು. ಆಮೇಲೆ ಬಂಗಾಳಿಯಲ್ಲಿ ಕೇಳಿದಳು: 'ಇವರ ಹೆಸರೇನು?'

'ಅದು ಬರೆದಿಲ್ಲ ಠಾಕುಮಾ' ಅಂದೆ.

'ಹಾಗಾದರೆ ನೀನು ಓದುತ್ತಿರೋದು ಏನು?' ಅಂದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು.

ಆ ಪ್ರಶ್ನೆ ನನ್ನ ಪ್ರಬಂಧದ ಎರಡನೆಯ ಅಧ್ಯಾಯವನ್ನು ಕೆಡಿಸಿತು. ಆ ಅಧ್ಯಾಯಕ್ಕೆ ನಾನು ಕೊಟ್ಟಿದ್ದ ಹೆಸರು 'ಬಹಮನಿ ವಾಸ್ತುಶೈಲಿ.' ಇಂಥ ಹೆಸರುಗಳು ನಮಗೆ ಎಲ್ಲಿಂದ ಬಂದವು, ಅವು ಏನನ್ನು ತೋರಿಸುತ್ತವೆ, ಏನನ್ನು ಮುಚ್ಚುತ್ತವೆ ಎಂದು ಹುಡುಕುತ್ತಾ ಹೋದೆ. ಆ ಹುಡುಕಾಟ ನನ್ನನ್ನು ಇಂಗ್ಲೆಂಡಿನ ಒಂದು ಸಂತೆಯ ಊರಿಗೆ ಕರೆದೊಯ್ದಿತು. ಹೋದದ್ದು ಪುಸ್ತಕಗಳ ಮೂಲಕವಷ್ಟೇ.

ಕಟ್ಟಡಗಳಿಗೆ ಗೆದ್ದವರ ಹೆಸರಿಡುವ ಪದ್ಧತಿಗೆ ಒಳ್ಳೆಯ ಉದಾಹರಣೆ 'ನಾರ್ಮನ್' ಎಂಬ ಪದ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಕಡಲು ದಾಟಿ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಹಿಂದೆ ಬಂದ ಸರದಾರರು ಊರೂರಿಗೆ ಕೋಟೆ ಕಟ್ಟಿಸಿದರು, ಮಠಾಧಿಪತಿಗಳು ದೊಡ್ಡ ದೊಡ್ಡ ಚರ್ಚುಗಳನ್ನು ಕಟ್ಟಿಸಿದರು. ದುಂಡು ಕಮಾನು, ದಪ್ಪ ಗೋಡೆ, ಗಿಡ್ಡ ಕಂಬ. ಇದನ್ನು ನಾರ್ಮನ್ ಶೈಲಿ ಎಂದು ಕರೆಯುವುದು ರೂಢಿಗೆ ಬಂದದ್ದು ಮಾತ್ರ ಏಳೂವರೆ ಶತಮಾನದ ಮೇಲೆ. ಲಿವರ್‌ಪೂಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದ, ವಾಸ್ತುವನ್ನು ತಾನೇ ಕಲಿತುಕೊಂಡ ಥಾಮಸ್ ರಿಕ್‌ಮನ್ 1817ರಲ್ಲಿ ಒಂದು ಪುಸ್ತಕ ತಂದ. ಅದರಲ್ಲಿ ಇಂಗ್ಲೆಂಡಿನ ಹಳೆಯ ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟ. ಮೊದಲನೆಯ ಹೆಸರೇ ನಾರ್ಮನ್.

ಈಗ ಸೇಂಟ್ ಆಲ್ಬನ್ಸ್ ಎಂಬ ಊರನ್ನು ನೋಡಿ. ಲಂಡನ್ನಿನ ಉತ್ತರಕ್ಕಿರುವ ಇದು ಹಳೆಯ ಸಂತೆಯ ಊರು. ಮಠದ ಬಾಗಿಲಲ್ಲೇ ಸಂತೆ ಬೆಳೆದದ್ದು. ಅಲ್ಲಿನ ದೊಡ್ಡ ಚರ್ಚನ್ನು ನಾರ್ಮನ್ ವಾಸ್ತುವಿನ ಮುಖ್ಯ ಮಾದರಿಗಳಲ್ಲಿ ಒಂದೆಂದು ಎಣಿಸುತ್ತಾರೆ. 1077ರಲ್ಲಿ ನಾರ್ಮಂಡಿಯ ಕಾನ್ ಪಟ್ಟಣದಿಂದ ಬಂದ ಮಠಾಧಿಪತಿ ಪಾಲ್ ಅದನ್ನು ಕಟ್ಟಿಸಲು ಶುರುಮಾಡಿದ. ಆದರೆ ಅದರ ಗೋಪುರಕ್ಕೆ ಹೋದ ಇಟ್ಟಿಗೆ ನಾರ್ಮನ್ನರದಲ್ಲ. ಪಕ್ಕದಲ್ಲೇ ಪಾಳುಬಿದ್ದಿದ್ದ ವೆರುಲಾಮಿಯಂ ಎಂಬ ರೋಮನ್ ಪಟ್ಟಣದಿಂದ ಕಿತ್ತು ತಂದ ಸಾವಿರ ವರ್ಷದ ಇಟ್ಟಿಗೆ ಅದು. ಒಳಗಿನ ಮೇಲಂತಸ್ತಿನ ಕೆಲವು ಪುಟ್ಟ ಕಂಬಗಳು ಅದಕ್ಕೂ ಮುಂಚೆ ಅಲ್ಲಿದ್ದ ಸ್ಯಾಕ್ಸನ್ ಚರ್ಚಿನವು, ಅಂದರೆ ಸೋತವರವು. ಕಟ್ಟಿದ ಮುಖ್ಯ ಗೌಂಡಿಯ ಹೆಸರು ಮಠದ ದಾಖಲೆಯಲ್ಲಿ ಉಳಿದಿದೆ: ರಾಬರ್ಟ್. ರೋಮನ್ ಇಟ್ಟಿಗೆ, ಸ್ಯಾಕ್ಸನ್ ಕಂಬ, ರಾಬರ್ಟನ ಕೈ, ಸಂತೆಯ ಊರಿನ ದುಡಿಮೆ ಎಲ್ಲವೂ ಸೇರಿ ಎದ್ದ ಕಟ್ಟಡಕ್ಕೆ ಹೆಸರು ನಾರ್ಮನ್.

ಆ ನಾರ್ಮನ್ನರಾದರೂ ಯಾರು? 'ಉತ್ತರದವರು' ಎಂಬುದೇ ಆ ಪದದ ಅರ್ಥ. 911ರ ಸುಮಾರಿಗೆ ಸೀನ್ ನದಿ ಕಡಲು ಸೇರುವ ಕಡೆ ಫ್ರಾನ್ಸಿನ ಅರಸನಿಂದ ನೆಲ ಪಡೆದು ನೆಲೆನಿಂತ ವೈಕಿಂಗರ ವಂಶದವರು. ನಾಲ್ಕಾರು ತಲೆಮಾರಿನಲ್ಲಿ ಅವರ ನುಡಿ ಫ್ರೆಂಚ್ ಆಯಿತು. ಕಲ್ಲಿನಲ್ಲಿ ಕಟ್ಟುವ ವಿದ್ಯೆಯೂ ಹೀಗೇ ದಕ್ಷಿಣದವರಿಂದ ಬಂತು. ಇದೇ ನಾರ್ಮನ್ನರ ಇನ್ನೊಂದು ಕವಲು ಸಿಸಿಲಿಯನ್ನು ಗೆದ್ದಿತು. ಅಲ್ಲಿ ಪಲೆರ್ಮೊದಲ್ಲಿ 1140ರಲ್ಲಿ ಪ್ರತಿಷ್ಠೆಯಾದ ಅರಮನೆಯ ಪ್ರಾರ್ಥನಾ ಮಂದಿರದ ಚಾವಣಿ ಅರಬರ ಕುಶಲತೆಯದು, ಗೋಡೆಯ ಚಿತ್ರ ಗ್ರೀಕರ ಕುಶಲತೆಯದು. ಅದೂ 'ನಾರ್ಮನ್,' ಸೇಂಟ್ ಆಲ್ಬನ್ಸಿನ ಇಟ್ಟಿಗೆಯ ಗೋಪುರವೂ 'ನಾರ್ಮನ್.' ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕ–ತಂಗಿ ಎಂದು ಯಾರೂ ಹೇಳಲಾರರು. ಗೆದ್ದವರು ಒಬ್ಬರೇ ಆದರೂ ಕೆಲಸಗಾರರು ಬೇರೆ, ಕಲ್ಲು ಬೇರೆ. ಕಟ್ಟಡದ ಮುಖವನ್ನು ತೀರ್ಮಾನಿಸಿದ್ದು ಆ ಎರಡನೆಯದೇ ಅನ್ನಿಸುತ್ತದೆ.

ನಮ್ಮ ಕಡೆಗೆ ಬರೋಣ. ರಿಕ್‌ಮನ್ ಇಂಗ್ಲೆಂಡಿಗೆ ಮಾಡಿದ ಕೆಲಸವನ್ನು ನಮಗೆ ಮಾಡಿದವನು ಜೇಮ್ಸ್ ಫರ್ಗುಸನ್. 1866ರಲ್ಲಿ ಅವನೂ ಮೆಡೋಸ್ ಟೇಲರನೂ ಸೇರಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುವಿನ ಮೇಲೆ ಚಿತ್ರಗಳ ದೊಡ್ಡ ಪುಸ್ತಕ ತಂದರು. ಟೇಲರ್ ಅಂದರೆ ನಮ್ಮ ನೆರೆಯ ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಅದೇ ಟೇಲರ್. ಮುಂದೆ 1876ರಲ್ಲಿ ಬಂದ ಫರ್ಗುಸನ್ನನ ಇತಿಹಾಸ ಗ್ರಂಥ ಭಾರತದ ಕಟ್ಟಡಗಳನ್ನು ಬೌದ್ಧ, ಜೈನ, ದ್ರಾವಿಡ, ಚಾಲುಕ್ಯ, ಸಾರಸನಿಕ್ ಎಂದು ವಿಭಾಗಿಸಿತು. ಕೆಲವಕ್ಕೆ ಧರ್ಮದ ಹೆಸರು, ಕೆಲವಕ್ಕೆ ಜನಾಂಗದ್ದು, ಕೆಲವಕ್ಕೆ ರಾಜವಂಶದ್ದು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ 'ಶೈಲಿ'ಗಳ ಪಟ್ಟಿಯ ಮೂಲ ಇಲ್ಲಿದೆ.

ಫರ್ಗುಸನ್ನನ ಜೀವನ ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅವನು ಇತಿಹಾಸಕಾರನಾಗಿ ಭಾರತಕ್ಕೆ ಬಂದವನಲ್ಲ. ಕಲ್ಕತ್ತೆಗೆ ವ್ಯಾಪಾರಕ್ಕೆ ಬಂದ, ಬಂಗಾಳದಲ್ಲಿ ನೀಲಿ ತಯಾರಿಸುವ ಉದ್ಯಮ ನಡೆಸಿದ, ಹತ್ತು ವರ್ಷದಲ್ಲಿ ಬೇಕಾದಷ್ಟು ಗಳಿಸಿದ. ಮುಂದೆ ಜೀವನವಿಡೀ ಕಟ್ಟಡಗಳ ಅಧ್ಯಯನಕ್ಕೆ ಕೂರಲು ಆ ದುಡ್ಡೇ ಆಸರೆಯಾಯಿತು. ಭತ್ತ ಬೆಳೆಯುವ ನೆಲದಲ್ಲಿ ನೀಲಿ ಬೆಳೆಯಿರೆಂದು ಬಂಗಾಳದ ರೈತರನ್ನು ಹಿಂಸಿಸಿದ ಕಥೆ, 1859–60ರಲ್ಲಿ ಅವರು ತಿರುಗಿಬಿದ್ದ ಕಥೆ ನಮ್ಮ ಮನೆಯಲ್ಲಿ ಇನ್ನೂ ಹೇಳುತ್ತಾರೆ. ಠಾಕುಮಾಳ ತವರು ಖುಲ್ನಾ ಕಡೆ. ಇಟಗಿಯ, ಲಕ್ಕುಂಡಿಯ ಗುಡಿಗಳು 'ಚಾಲುಕ್ಯ ಶೈಲಿ'ಯವು ಎಂದು ನಾನು ಕನ್ನಡದಲ್ಲಿ ಬರೆದ ವಾಕ್ಯದ ಹಿಂದೆ ಬಂಗಾಳದ ರೈತರ ಬೆವರೂ ಇತ್ತು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದರಿಂದ ಫರ್ಗುಸನ್ ಬರೆದದ್ದೆಲ್ಲ ಸುಳ್ಳಾಗುವುದಿಲ್ಲ. ಅವನಷ್ಟು ಊರು ಸುತ್ತಿ, ಅವನಷ್ಟು ಕಣ್ಣಿಟ್ಟು ನೋಡಿದವರು ಆ ಕಾಲದಲ್ಲಿ ಕಡಿಮೆ. ಹೆಸರುಗಳಿಂದ ಉಪಯೋಗವೂ ಇದೆ. ಕಂಬದ ತಿರುವು, ಗೋಪುರದ ಮೆಟ್ಟಿಲು ನೋಡಿ ಗುಡಿ ಯಾವ ಶತಮಾನದ್ದೆಂದು ನಾವು ಇವತ್ತು ಹೇಳಬಲ್ಲೆವಾದರೆ ಅದಕ್ಕೆ ಆ ವಿಂಗಡಣೆಯೇ ಕಾರಣ. ನನ್ನ ತಕರಾರು ಬೇರೆ. ಕಾಲ ಗುರುತಿಸಲು ಹುಟ್ಟಿದ ಹೆಸರು ನಿಧಾನಕ್ಕೆ ಒಡೆತನ ಹೇಳುವ ಹೆಸರಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದು ಪದ ಬಿಟ್ಟರೆ ಸಾಕು. 'ಚಾಲುಕ್ಯರ ಕಾಲದ ಗುಡಿ' ಎನ್ನುವಲ್ಲಿ 'ಕಾಲದ' ಎಂಬುದು ಬಿದ್ದುಹೋಗಿ 'ಚಾಲುಕ್ಯರ ಗುಡಿ' ಆಗುತ್ತದೆ. ಹಾಗೆಯೇ 'ಬಹಮನಿಯವರ ಕೋಟೆ.' ಒಡೆತನ ಬಂದಮೇಲೆ ಜಗಳ ಬರುತ್ತದೆ: ಇದು ನಮ್ಮವರದು, ಅದು ಅವರದು, ನಮ್ಮದನ್ನು ಅವರು ಕೆಡವಿದರು. ಇವತ್ತು ಹಳೆಯ ಕಲ್ಲಿನ ಮುಂದೆ ನಿಂತ ಹುಡುಗರು ಮೊದಲು ಕೇಳುವುದು ಈ ಲೆಕ್ಕವನ್ನೇ. ಆ ಲೆಕ್ಕದಲ್ಲಿ ನನ್ನಂಥವಳಿಗೆ, ಅಂದರೆ ಆರ್.ಎಚ್. ಕ್ಯಾಂಪಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದವಳಿಗೆ, 'ನಮ್ಮವರು' ಎಂದು ಯಾರ ಕಡೆ ನಿಲ್ಲುವ ಜಾಗವೂ ಇಲ್ಲ. ಅದು ಕೊರತೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ನೋಡುವುದಕ್ಕೆ ಒಳ್ಳೆಯ ಜಾಗ ಅನ್ನಿಸುತ್ತಿದೆ.

ಈ ಜಗಳದಿಂದ ಹೊರಗೆ ಬರಲು ನನಗೆ ಬಹಳ ನೆರವಾದದ್ದು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ತಂದ ಪುಸ್ತಕ. ಕಲ್ಯಾಣ, ರಾಯಚೂರು, ವಾರಂಗಲ್ ಈ ಮೂರು ಊರುಗಳನ್ನು ಇಟ್ಟುಕೊಂಡು 1300ರಿಂದ 1600ರವರೆಗಿನ ದಖ್ಖನನ್ನು ಅವರು ಓದುತ್ತಾರೆ. ಹಳೆಯ ಕಲ್ಲನ್ನು ಹೊಸ ಕಟ್ಟಡದಲ್ಲಿ ಬಳಸಿದ್ದನ್ನೆಲ್ಲ ಧ್ವಂಸದ ಖಾತೆಗೆ ಹಾಕಬಾರದು ಎಂಬುದು ಅವರ ಮುಖ್ಯ ವಾದ. ಚಾಲುಕ್ಯರ ಹೆಸರಿಗೆ ದಖ್ಖನಿನಲ್ಲಿ ಶತಮಾನಗಳ ಮೇಲೂ ಗೌರವವಿತ್ತು. ವಿಜಯನಗರದವರೂ ಬಿಜಾಪುರದವರೂ ಚಾಲುಕ್ಯ ಕಾಲದ ಕಂಬಗಳನ್ನು ತಂದು ಎದ್ದು ಕಾಣುವ ಹಾಗೆ ನಿಲ್ಲಿಸಿದ್ದು ಆ ಗೌರವದ ಪಾಲು ಪಡೆಯಲು. ಹಿಂದೂ–ಮುಸ್ಲಿಂ ಎಂಬ ಒಂದೇ ಗೆರೆಯಿಂದ ಈ ಕಲ್ಲುಗಳನ್ನು ಓದಲಾಗದು ಎಂದು ಅವರು ತೋರಿಸಿದ ಮೇಲೆ ನಾನು ರಾಯಚೂರಿನ ನವರಂಗಿ ದರವಾಜೆಯನ್ನು ನೋಡುವ ಬಗೆಯೇ ಬದಲಾಯಿತು. ಬಹಮನಿ ಕಾಲದ ಹೊರಗೋಡೆಯ ಆ ಬಾಗಿಲಲ್ಲಿ ಪುರಾಣದ ಉಬ್ಬುಚಿತ್ರಗಳಿವೆ. ಕಾಕತೀಯರು, ಬಹಮನಿಗಳು, ಆದಿಲ್‌ಶಾಹಿಗಳು, 1520ರಲ್ಲಿ ಗೆದ್ದ ಕೃಷ್ಣದೇವರಾಯ ಹೀಗೆ ಕೈ ಬದಲಾಯಿಸುತ್ತಲೇ ಇದ್ದ ಕೋಟೆಯಲ್ಲಿ ಯಾವ ಕಲ್ಲಿಗೂ ಒಂದೇ ಹೆಸರು ನಿಲ್ಲುವುದಿಲ್ಲ.

ಆದರೂ ಪುಸ್ತಕ ಮುಚ್ಚಿದಾಗ ಠಾಕುಮಾಳ ಪ್ರಶ್ನೆ ಹಾಗೇ ಉಳಿದಿತ್ತು. ಈಟನ್ ಮತ್ತು ವ್ಯಾಗನರ್ ಪ್ರಶ್ನೆಯನ್ನು ಬದಲಿಸಿದರು, ನಿಜ. 'ಯಾರು ಕೆಡವಿದರು?' ಎಂಬುದರ ಜಾಗದಲ್ಲಿ 'ಯಾಕೆ ಮತ್ತೆ ನಿಲ್ಲಿಸಿದರು?' ಎಂದು ಕೇಳಿದರು. ಎರಡಕ್ಕೂ ಉತ್ತರ ಮಾತ್ರ ಅರಸ, ಸುಲ್ತಾನ, ಸರದಾರರಲ್ಲೇ ಸಿಗುತ್ತದೆ. ಕಂಬಕ್ಕೆ ನೆನಪಿದೆ, ಆ ನೆನಪು ಆಳುವವರದು. ಕಂಬ ಕಿತ್ತವರಿಗೆ, ಹೊತ್ತವರಿಗೆ, ಅದು ಎದ್ದುಹೋದ ಊರಿನವರಿಗೆ ಏನನ್ನಿಸಿತು ಎಂಬುದು ಆ ಪುಸ್ತಕದ ಹೊರಗಿನ ಮಾತು. ದಾಖಲೆ ಇಲ್ಲದ್ದನ್ನು ಬರೆಯುವುದು ಹೇಗೆ ಎಂದು ಅವರು ಕೇಳಬಹುದು. ನ್ಯಾಯವಾದ ಮಾತು. ಆದರೆ ದಾಖಲೆ ಪೂರ್ತಿ ಇಲ್ಲವೇ?

ಬಿಜಾಪುರದಲ್ಲಿ ಕರೀಮುದ್ದೀನನ ಮಸೀದಿ ಇದೆ. 1320ರದು. ಗುಡಿಯ ಕಂಬಗಳಿಂದಲೇ ಕಟ್ಟಿದ್ದು. ಅಲ್ಲಿನ ಬರಹದಲ್ಲಿ ಕಟ್ಟಿದವನ ಹೆಸರು ಸಿಗುತ್ತದೆ: ಸಾಲೋಟಗಿ ಕಡೆಯ ರೇವಯ್ಯ. ಸೇಂಟ್ ಆಲ್ಬನ್ಸಿಗೆ ರಾಬರ್ಟ್ ಹೇಗೋ ಬಿಜಾಪುರಕ್ಕೆ ರೇವಯ್ಯ ಹಾಗೆ. ಸೋತ ಕಡೆಯವನು, ಗೆದ್ದವರಿಗೆ ಕಟ್ಟಿಕೊಟ್ಟವನು. ಅದನ್ನು ಸೌಹಾರ್ದ ಎಂದು ಹೊಗಳುವುದು ಸುಲಭ, ದಾಸ್ಯ ಎಂದು ತೆಗಳುವುದೂ ಸುಲಭ. ಅವನು ಕೂಲಿಗೆ ಬಂದನೋ ಹೆದರಿ ಬಂದನೋ ಆ ಕಲ್ಲು ಹೇಳುವುದಿಲ್ಲ. ಆದರೆ ಹೆಸರು ಇದೆ. ಅಲ್ಲಿಂದ ಓದಲು ಶುರುಮಾಡಬಹುದು.

ಅದಕ್ಕೂ ಹಿಂದೆ, ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ, ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಶಾಸನ ಬಿರುದುಗಳ ಸಮೇತ ಹೇಳುತ್ತದೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಸೋಜಿಗವೆಂದರೆ ಅದರ ಮೇಲೆ ಕಂಚಿಯ ಕೈಲಾಸನಾಥ ಗುಡಿಯ ಛಾಯೆ ಸ್ಪಷ್ಟವಾಗಿದೆ. ನಾರ್ಮನ್ನರು ಗೆದ್ದ ನೆಲದಲ್ಲಿ ತಮ್ಮ ಮಾದರಿಯನ್ನು ನೆಟ್ಟರು. ಚಾಲುಕ್ಯರು ಸೋತವರ ಮಾದರಿಯನ್ನು ತಮ್ಮ ನೆಲಕ್ಕೆ ತಂದರು. 'ಗೆದ್ದವರ ಶೈಲಿ' ಎಂಬ ಸೂತ್ರ ಇಲ್ಲಿ ತಲೆಕೆಳಗಾಗಿದೆ.

ನಮ್ಮ ಹಳ್ಳಿಗಳಲ್ಲಿ ಯಾವ ಹಳೆಯ ಗುಡಿಯ ಮುಂದೆ ನಿಂತು ಕೇಳಿದರೂ 'ಜಕಣಾಚಾರಿ ಕಟ್ಟಿದ್ದು' ಎನ್ನುತ್ತಾರೆ. ಹಾಗೊಬ್ಬ ಶಿಲ್ಪಿ ಇದ್ದದ್ದಕ್ಕೆ ಶಾಸನದ ಆಧಾರವಿಲ್ಲ, ಇಷ್ಟು ಶತಮಾನದ ಗುಡಿಗಳನ್ನು ಒಬ್ಬನೇ ಕಟ್ಟಲು ಸಾಧ್ಯವಿಲ್ಲ ಎಂದು ನಾವು ಓದಿದವರು ನಗುತ್ತೇವೆ. ನಾನೂ ನಕ್ಕಿದ್ದೇನೆ. ಈಗ ಅನ್ನಿಸುತ್ತದೆ, ಹಳ್ಳಿಯವರ ಉತ್ತರ ತಪ್ಪಿರಬಹುದು, ಅವರು ಕೇಳಿಕೊಂಡ ಪ್ರಶ್ನೆ ನಮ್ಮದಕ್ಕಿಂತ ಸರಿಯಾಗಿತ್ತು. ಯಾವ ಅರಸ ಕಟ್ಟಿಸಿದ ಎಂದು ಅವರು ನೆನಪಿಡಲಿಲ್ಲ. ಯಾರ ಕೈ ಕಟ್ಟಿತು ಎಂದು ನೆನಪಿಟ್ಟರು.

ಮತ್ತೆ ಸೇಂಟ್ ಆಲ್ಬನ್ಸಿಗೆ ಹೋಗಬೇಕು. ಆ ಊರಿನ ಜನ ಹಿಟ್ಟು ಬೀಸಬೇಕಾದರೆ ಮಠದ ಗಿರಣಿಗೇ ಹೋಗಬೇಕು, ಸುಂಕ ಕೊಡಬೇಕು ಎಂಬ ಕಟ್ಟಳೆ ಇತ್ತು. ಜನ ಮನೆಯಲ್ಲೇ ಬೀಸುಕಲ್ಲು ಇಟ್ಟುಕೊಂಡು ಬೀಸಿಕೊಂಡರು. ಹದಿನಾಲ್ಕನೆಯ ಶತಮಾನದ ಮಠಾಧಿಪತಿ ರಿಚರ್ಡ್ ಮನೆಮನೆಯ ಬೀಸುಕಲ್ಲುಗಳನ್ನು ಜಪ್ತಿ ಮಾಡಿಸಿದ. ಅಷ್ಟಕ್ಕೇ ಬಿಡದೆ ಅವುಗಳನ್ನು ಮಠದ ಕೋಣೆಯೊಂದಕ್ಕೆ ನೆಲಹಾಸಾಗಿ ಹಾಕಿಸಿದ. ಅವನ ಕಾಲ ಮುಗಿದು ಸುಮಾರು 45 ವರ್ಷದ ಮೇಲೆ, 1381ರಲ್ಲಿ, ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಈ ಊರಿನವರು ಮಠಕ್ಕೆ ನುಗ್ಗಿದರು. ಆ ನೆಲ ಅಗೆದರು. ಬೀಸುಕಲ್ಲುಗಳನ್ನು ಒಡೆದು ಚೂರುಗಳನ್ನು ಪ್ರಸಾದದ ರೊಟ್ಟಿಯಂತೆ ಹಂಚಿಕೊಂಡು ಮನೆಗೆ ಒಯ್ದರು. ಇದನ್ನು ಬರೆದಿಟ್ಟವನು ಅವರ ಕಡೆಯವನಲ್ಲ, ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗಮ್. ದಂಗೆ ಸೋತಿತು. ಮುಂದಾಳು ವಿಲಿಯಂ ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಿದರು. ಮುಂದೆ ಅರಸನೇ ಮಠಗಳನ್ನು ಮುಚ್ಚಿಸಿದ ಮೇಲೆ, 1553ರಲ್ಲಿ, ಊರಿನವರು 400 ಪೌಂಡ್ ಕೊಟ್ಟು ಆ 'ನಾರ್ಮನ್' ಚರ್ಚನ್ನು ಕೊಂಡುಕೊಂಡರು. ಅದು ಇವತ್ತೂ ನಿಂತಿದೆ.

ಬೀಸುವ ಪದಗಳ ನಾಡಿನಲ್ಲಿ ಕನ್ನಡ ಕಲಿತವಳು ನಾನು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಹುಟ್ಟಿದ ಹಾಡುಗಳೇ ನಮ್ಮ ಜಾನಪದ ಸಂಗ್ರಹಗಳ ಹೃದಯ. ಆ ಕಲ್ಲನ್ನು ಕಿತ್ತುಕೊಂಡು ಒಬ್ಬ ದೊಡ್ಡವನು ತನ್ನ ಕಾಲ ಕೆಳಗೆ ಹಾಸಿಕೊಂಡ ಎಂಬುದು ಏನೆಂದು ನನ್ನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಳಬೇಕಾದದ್ದು ಇಷ್ಟೇ: ಆ ನೆಲಹಾಸು ಯಾವ ಶೈಲಿಯದು? ರಿಕ್‌ಮನ್ನನ ಪಟ್ಟಿಯಲ್ಲಿ ಅದಕ್ಕೆ ಕೋಷ್ಟಕವಿಲ್ಲ. ಆದರೆ ಸಂತೆಯ ಊರಿಗೂ ಗೆದ್ದವರ ಕಟ್ಟಡಕ್ಕೂ ಇದ್ದ ಸಂಬಂಧವನ್ನು ಗೋಪುರಕ್ಕಿಂತ ಆ ನೆಲವೇ ಚೆನ್ನಾಗಿ ಹೇಳುತ್ತದೆ.

ಈ ಸಂಬಂಧವನ್ನು ಸಿಹಿ ಮಾಡಿ ಹೇಳಬಾರದು ಎಂಬ ಎಚ್ಚರವೂ ನನಗಿದೆ. ವಿಲಿಯಂ 1086ರಲ್ಲಿ ಮಾಡಿಸಿದ ಭೂಲೆಕ್ಕದಲ್ಲಿ ಲಿಂಕನ್ ಪಟ್ಟಣದ ಕೋಟೆಗಾಗಿ 166 ಮನೆ ಹೋದದ್ದು ದಾಖಲಾಗಿದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಫೆರಿಷ್ತಾ ಬರೆದಿರುವಂತೆ ಅವಳಿಗಾಗಿ ದೇವರಾಯನಿಗೂ ಫಿರೋಜ್ ಶಾಹನಿಗೂ ಯುದ್ಧವೇ ಆಯಿತು. ಪೇಟೆಯ ಒಂದು ಮನೆ ಇತಿಹಾಸಕ್ಕೆ ಬಂದದ್ದು ಇಬ್ಬರು ದೊರೆಗಳ ಜಗಳಕ್ಕೆ ನೆವವಾಗಿ. ಆದರೆ ಅದೇ ಮುದಗಲ್ಲಿಗೆ ಮೊಹರಮ್ಮಿನಲ್ಲಿ ಹೋಗಿ ನೋಡಿ. ಕೋಟೆಯೊಳಗಿನ ಹುಸೇನಿ ಆಲಂ ದರ್ಶನಕ್ಕೆ ಎಲ್ಲ ಜಾತಿಯ ಜನ ಹರಕೆ ಹೊತ್ತು ಬರುತ್ತಾರೆ. ಕನ್ನಡದಲ್ಲೇ ರಿವಾಯತ್ ಪದ ಕೇಳಿಸುತ್ತವೆ. ಸುಲ್ತಾನರು ಕಾವಲಿಗೆ ಕಟ್ಟಿಸಿದ ಕೋಟೆಯನ್ನು ಊರಿನವರು ಜಾತ್ರೆಗೆ ಇಟ್ಟುಕೊಂಡಿದ್ದಾರೆ. ನಾನು ಆ ಕೋಟೆಯನ್ನು ವರ್ಗೀಕರಿಸುವಾಗ ಇದನ್ನು 'ನಂತರದ ಬಳಕೆ' ಎಂದು ಅಡಿಟಿಪ್ಪಣಿಗೆ ತಳ್ಳಿದ್ದೆ. ಅದು ತಪ್ಪು. ಕಟ್ಟಡ ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ.

ಹೆಸರಿನ ಮಾತು ನಮ್ಮ ಮನೆಯ ಮಾತೂ ಹೌದು. 'ಬಂಗಲೆ' ಎಂಬ ಪದ ನೋಡಿ. ಮೂಲದಲ್ಲಿ ಅದು ಬಂಗಾಳದ ಮಾದರಿಯ ಮನೆ, ಸೂರು ಬಾಗಿದ ಹುಲ್ಲಿನ ಮನೆ. ಮೊಗಲರು ಆ ಬಾಗಿದ ಸೂರನ್ನು ಅಮೃತಶಿಲೆಗೆ ಇಳಿಸಿದರು. ಇಂಗ್ಲಿಷರು ಆ ಹೆಸರನ್ನು ತಮ್ಮ ಅಧಿಕಾರಿಗಳ ಮನೆಗೆ ಇಟ್ಟರು. ಕನ್ನಡಕ್ಕೆ ಬರುವಷ್ಟರಲ್ಲಿ ಬಂಗಲೆ ಎಂದರೆ ಶ್ರೀಮಂತರ ಮನೆ. ಆಮೇಲೆ ಆ ಬಾಗಿದ ಸೂರಿನ ನಾಡಿನವರೇ ದೇಶ ಒಡೆದು ಮನೆ ಬಿಟ್ಟು ಹೊರಟು, ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಗೆ ಬಂದರು. ಅವರಿಗೆ ಸಿಕ್ಕಿದ್ದು ಒಂದೇ ಅಳತೆಯ ಸಾಲುಮನೆಗಳು, ಊರಿಗೆ ಎರಡು ಇಂಗ್ಲಿಷ್ ಅಕ್ಷರ, ಮುಂದೊಂದು ನಂಬರು. ಪುನರ್ವಸತಿ ಎಂಬ ಕಡತದ ಪದವೇ ನಮ್ಮ ಊರಿನ ಹೆಸರಾಯಿತು. ಇದನ್ನೂ ಇಟ್ಟವರು ಇಲ್ಲಿ ಬಾಳಿದವರಲ್ಲ.

ಎರಡನೆಯ ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ. ಕಾಲವನ್ನು ಹೇಳುವಾಗ ಅರಸರ ಹೆಸರು ಇದೆ. ಕಟ್ಟಡವನ್ನು ಹೇಳುವಾಗ ಕಲ್ಲು ಎಲ್ಲಿಯದು, ಹೊತ್ತವರು, ಕಟ್ಟಿದವರು ಯಾರು, ಪೇಟೆ ಎಷ್ಟು ಸರಿಯಬೇಕಾಯಿತು, ಈಗ ಅಲ್ಲಿ ಏನು ನಡೆಯುತ್ತದೆ ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ಬಹಳ ಕಡೆ ಎರಡನೆಯ ಪ್ರಶ್ನೆಗೆ ಉತ್ತರ ಖಾಲಿ. ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ, ಮೇಲೆ ರಾಜವಂಶದ ಹೆಸರು ಬರೆದು ಮುಚ್ಚಿಲ್ಲ. 'ಶೈಲಿಯ ಹೆಸರೇ ಇಲ್ಲದೆ ಅಧ್ಯಾಯ ಹೇಗಮ್ಮ?' ಎಂದು ನನ್ನ ಮಾರ್ಗದರ್ಶಕರು ಕೇಳಿದರು. ರಾಯಚೂರಿನ ಬಂಡಿಯ ಚಿತ್ರದ ಫೋಟೋ ತೋರಿಸಿದೆ. ತುಸು ಹೊತ್ತು ನೋಡಿ, 'ಇದನ್ನು ಅಧ್ಯಾಯದ ಮೊದಲ ಪುಟಕ್ಕೆ ಹಾಕು' ಅಂದರು.

ಅದೇ ಫೋಟೋ ಠಾಕುಮಾಳ ಮಂಚದ ಪಕ್ಕದ ಗೋಡೆಯ ಮೇಲೂ ಇದೆ. ಕಣ್ಣು ಈಗ ಸರಿಯಾಗಿ ಕಾಣುತ್ತಿದೆ. ಬಂದವರಿಗೆ ಅವಳೇ ತೋರಿಸಿ ಹೇಳುತ್ತಾಳೆ, ರಾಯಚೂರು ಕೋಟೆ ಕಟ್ಟಿದವರು ಇವರೇ ಎಂದು.